ನೀನು ವಾಪಸ್ ಕಳಿಸಿದ ರಿಜಿಸ್ಟರ್

ಮಾವಿನ ತೋಪಿನಲ್ಲಿ ಮಲಗಿರುವ ನನ್ನ ಸೋದರಮಾವಾ,

ಮೊನ್ನೆ ಸಂಜೆ ನಿನ್ನ ಫೋನು ಸದ್ದು ಮಾಡಿತು. ಹೌದು, ನಿನ್ನದೇ! ನೀನು ಹೋಗಿ ವರ್ಷ ತುಂಬಿದರೂ ಅತ್ತೆ ಅದಕ್ಕೆ ಚಾರ್ಜು ಹಾಕುವುದನ್ನು ಬಿಟ್ಟಿಲ್ಲ, ರೀಚಾರ್ಜ್ ಮಾಡಿಸುವುದನ್ನೂ ಬಿಟ್ಟಿಲ್ಲ. ನೀನು ಹಾಡಿದ ಕೃಷ್ಣನ ಪದ್ಯಗಳೆಲ್ಲ ಅದರೊಳಗೇ ಇವೆಯಲ್ಲ, ದೀಪ ಹಚ್ಚಿದ ಮೇಲೆ ಒಂದನ್ನು ಹಾಕಿಕೊಂಡು ಕೂರುತ್ತಾಳೆ. ನಿನ್ನ ಕಂಠ ಏರುತ್ತಾ ಏರುತ್ತಾ ಹೋಗಿ, ಇನ್ನೇನು ತಾರಕ ಮುಟ್ಟಬೇಕು, ಟಣ್! ಪದ್ಯದ ನಡುವೆ ಮೆಸೇಜು. ನಾನು ಓದಿದೆ. ನಿನ್ನ ಹೆಸರಿಗೆ ಸ್ಪೀಡ್ ಪೋಸ್ಟ್ ಬರುತ್ತಿದೆಯಂತೆ, ಈ ಕೋಡನ್ನು ಪೋಸ್ಟ್‌ಮ್ಯಾನಿಗೆ ಹೇಳಬೇಕಂತೆ. ಸತ್ತವನ ಫೋನಿಗೆ ಬಂದು ಸತ್ತವನನ್ನೇ ಕರೆಯುವ ಟಪಾಲು! ಎಷ್ಟು ನಾಟಕ ಆಡಿದ್ದೇನೆ, ಮಾವಾ, ಎಷ್ಟು ಸಲ ತೊಡೆ ಮುರಿಸಿಕೊಂಡು ರಂಗದ ಮೇಲೆ ಬಿದ್ದಿದ್ದೇನೆ. ಅಂಥ ದುರ್ಯೋಧನನಾದ ನಾನೂ ಫೋನನ್ನು ಅತ್ತೆಯ ಕೈಗೆ ತಳ್ಳಿಬಿಟ್ಟೆ.

ಅತ್ತೆಯ ಮುಖ ಮಾತ್ರ ಅರಳಿತು. "ಸ್ಪೀಡ್ ಪೋಸ್ಟಾ? ನಿಮ್ಮ ಮಾವ ಏನ್ ಹೇಳ್ತಿದ್ರು, ಮರೆತುಬಿಟ್ಯಾ? ರಿಜಿಸ್ಟರ್ ಬಂದ್ರೆ ಕೇಡು, ಸ್ಪೀಡ್ ಪೋಸ್ಟ್ ಬಂದ್ರೆ ಒಳ್ಳೇದು." ಮರೆಯುವುದುಂಟೇ? ರಾಯಲ್ಪಾಡಿನ ಟೀ ಅಂಗಡಿಯ ಬೆಂಚೇ ನಿನ್ನ ಸಿಂಹಾಸನ. ಅಲ್ಲಿ ಕುಳಿತು ಊರಿಗೆಲ್ಲ ಕಲಿಸಿದ ಪಾಠ ಅದು. ಬ್ಯಾಂಕಿನ ನೋಟೀಸು, ಕೋರ್ಟಿನ ಸಮನ್ಸು, ದಾಯಾದಿಯ ವಕೀಲರ ಬೆದರಿಕೆ, ಎಲ್ಲ ರಿಜಿಸ್ಟರಿನಲ್ಲಿ. ಎಟಿಎಂ ಕಾರ್ಡು, ಪಾಸ್‌ಪೋರ್ಟು, ಹುಡುಗರ ಕೆಲಸದ ಆರ್ಡರು, ಎಲ್ಲ ಸ್ಪೀಡ್ ಪೋಸ್ಟಿನಲ್ಲಿ. "ಒಂದು ಯಮನ ದೂತ, ಇನ್ನೊಂದು ಇಂದ್ರನ ದೂತ ಕಣ್ರಯ್ಯಾ! ಯಮನ ದೂತನಿಗೆ ಸೈನ್ ಹಾಕಬೇಡಿ. ಸೈನ್ ಇಲ್ಲದಿದ್ರೆ ಕೇಸೂ ಇಲ್ಲ!" ಎನ್ನುತ್ತಿದ್ದೆ. ಯಾರು ಎದುರು ಮಾತಾಡಿಯಾರು? ರಂಗದ ಮೇಲೆ ನೀನು ಕೃಷ್ಣ. ರಂಗ ಇಳಿದರೂ ಕೃಷ್ಣನೇ.

ಆ ದಿನದ ತಾಲೀಮು ಕಣ್ಣಿಗೆ ಕಟ್ಟಿದ ಹಾಗಿದೆ. ಹೊಸ ಕಿರೀಟ ಬಂದಿತ್ತು, ಅಳತೆ ನೋಡಲೆಂದು ನೀನು ತಲೆಗಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ನಾರಾಯಣಪ್ಪ ಬಂದ, ಕೈಯಲ್ಲಿ ರಿಜಿಸ್ಟರ್ ಕವರು. ಮಾಲೂರಿನಲ್ಲಿರುವ ನಿನ್ನ ದೊಡ್ಡಪ್ಪನ ಮಗ ಚಂಗಪ್ಪ ತೋಪಿನಲ್ಲಿ ಪಾಲು ಕೇಳುತ್ತಿದ್ದ ಕಾಲ ಅದು. ತನ್ನ ಪಾಲಿಗೆಂದು ಮಾಲೂರಿನ ಮನೆಯನ್ನು ಎಂದೋ ತೆಗೆದುಕೊಂಡು ಹೋದವನು, ಅದು ಊರಿಗೇ ಗೊತ್ತು. ನೀನು ಕವರಿನತ್ತ ನೋಡಲೂ ಇಲ್ಲ. ಕೈ ಎತ್ತಿದೆ, ಕಿರೀಟ ಓರೆಯಾಯಿತು, "ಒಲ್ಲೆನು! ಬಂದ ದಾರಿಯಲ್ಲೇ ಹಿಂತಿರುಗಲಿ ಈ ಕುಟಿಲ ಪತ್ರ!" ಎಂದು ಗುಡುಗಿದೆ. ಭೀಮ ಶಿಳ್ಳೆ ಹೊಡೆದ. ಹಾರ್ಮೋನಿಯಂ ಮೇಷ್ಟ್ರು ಒಂದು ಸ್ವರ ಎಳೆದರು. ನಾರಾಯಣಪ್ಪ ಮಾತ್ರ ನಗಲಿಲ್ಲ. "ಬೇಡ ಅಂದ್ರು ಅಂತ ಬರೆದು ಕಳಿಸ್ತೀನಿ ಸಾಮೀ. ಆಮೇಲೆ ನನ್ನನ್ನ ಅನ್ನಬಾರದು," ಎಂದ. ನೀನು ನಕ್ಕೆ. ಎಂಥಾ ನಗೆ ಅದು! ಈಗ ನೆನೆದರೆ...

ಈಚೆಗೆ ಶ್ರೀನಿವಾಸಪುರದ ಅಂಚೆ ಕಚೇರಿಗೆ ಹೋಗಿದ್ದೆ, ಹಾರ್ಮೋನಿಯಂ ಮೇಷ್ಟ್ರಿಗೆ ಒಂದು ಕಾಗದ ಕಳಿಸಬೇಕಿತ್ತು. "ರಿಜಿಸ್ಟರ್ ಮಾಡಮ್ಮಾ," ಎಂದೆ. ಕೌಂಟರಿನ ಹೆಣ್ಣುಮಗಳು ತಲೆ ಎತ್ತದೆ ಹೇಳಿದಳು, "ಮೊದಲಿನ ರಿಜಿಸ್ಟರ್ ಈಗಿಲ್ಲ ಸರ್. ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟಿದ್ದಾರೆ. ರೇಟೂ ಬದಲಾಗಿದೆ. ಯಾರಿಗೆ ಬರೆದಿದ್ದೀರೋ ಅವರ ಕೈಗೇ ಸೇರಬೇಕು ಅಂದ್ರೆ ಅದಕ್ಕೆ ಬೇರೆ ಕಟ್ಟಬೇಕು. ಕೋಡ್ ಹೇಳಿದ್ರೇನೇ ಕೊಡೋ ಹಾಗೂ ಮಾಡಬಹುದು, ಅದಕ್ಕೂ ಬೇರೆ." ನಾನು ಎದೆ ತುಂಬಾ ಉಸಿರೆಳೆದು, "ಎಲವೋ ಅಂಚೆಯೇ!" ಎಂದು ಶುರು ಮಾಡಿದೆ. ಕ್ಯೂನಲ್ಲಿದ್ದ ಒಬ್ಬ, "ದುರ್ಯೋಧನಾ, ಬೇಗ ಕಟ್ಟಿ ಜಾಗ ಬಿಡಪ್ಪಾ, ನನಗೆ ಕೋಲಾರದ ಬಸ್ಸು ಹೋಗ್ತದೆ," ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ದರ ಏರಿತಲ್ಲಾ ಎಂದು ದಾರಿಯುದ್ದಕ್ಕೂ ಗೊಣಗಿದೆ. ಯಮನ ದೂತ ಇಂದ್ರನ ದೂತನ ವೇಷ ತೊಟ್ಟಿದ್ದಾನೆ ಎಂದು ನನಗೆ ಹೊಳೆಯಿತೇ? ಇಲ್ಲ. ವೇಷ ಕಟ್ಟಿಯೇ ಬೆಳೆದವನಿಗೆ ಹೊಳೆಯಲಿಲ್ಲ!

ಮೆಸೇಜು ಬಂದ ಮಾರನೆಯ ದಿನವೇ ನಾರಾಯಣಪ್ಪನ ಗಾಡಿ ನಿನ್ನ ಮನೆ ಮುಂದೆ ನಿಂತಿತು. ನಾನೂ ಅಲ್ಲೇ ಇದ್ದೆ. "ಏಮಮ್ಮಾ, ಅಣ್ಣನ ಹೆಸರಿಗೆ ಬಂದೈತೆ. ತಗೋತೀರಾ, ಇಲ್ಲ ಆಸಾಮಿ ತೀರ್ಕೊಂಡ್ರು ಅಂತ ಬರೆದು ವಾಪಸ್ ಕಳಿಸ್ಲಾ?" ಎಂದು ಕೇಳಿದ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, "ಸ್ಪೀಡ್ ಪೋಸ್ಟನ್ನ ಯಾರಾದ್ರೂ ವಾಪಸ್ ಕಳಿಸ್ತಾರೇನಪ್ಪಾ? ಅವರಿಗೆ ಬರಬೇಕಿದ್ದ ಕಲಾವಿದರ ಪಿಂಚಣಿ ಇರಬೇಕು," ಎಂದಳು. ನಿನ್ನ ಫೋನು ಹಿಡಿದು ಕೋಡನ್ನು ಓದಿದಳು. ಒಂದೊಂದು ಅಂಕಿಯನ್ನೂ ಬಿಡಿಸಿ ಬಿಡಿಸಿ, ನಿನ್ನ ಪರವಾಗಿ ಮಂತ್ರ ಹೇಳುವ ಹಾಗೆ. ಕವರು ಕೈಗೆ ಬಂದದ್ದೇ ದೇವರ ಮುಂದೆ ಇಟ್ಟಳು, ಕುಂಕುಮ ಹಚ್ಚಿದಳು. ಆಮೇಲೆ ನನ್ನ ಕೈಗೆ ಕೊಟ್ಟು, "ಓದೋ, ಜೋರಾಗಿ ಓದು," ಎಂದಳು.

ಜೋರಾಗಿ ಓದಲಿಲ್ಲ, ಮಾವಾ. ಮೈಕಿಲ್ಲದೆ ಆಂಧ್ರದ ಗಡಿಯವರೆಗೂ ಕೇಳುವ ಗಂಟಲು ಎಂದು ನೀನೇ ಹೊಗಳುತ್ತಿದ್ದ ಈ ಗಂಟಲನ್ನು ತಗ್ಗಿಸಿ, ಅತ್ತೆಯೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಓದಿದೆ. ಕೋರ್ಟಿನ ನೋಟೀಸು ಅದು. ತೋಪನ್ನು ಎರಡು ಪಾಲು ಮಾಡಲು ಸರ್ವೆಗೆ ಆಳು ನೇಮಿಸುವುದಿದೆ, ಹೇಳುವುದಿದ್ದರೆ ಮುಂದಿನ ಸೋಮವಾರ ಬಂದು ಹೇಳಿ ಎಂದು. ಪಾಲು ಮಾಡಲು? ತೀರ್ಪು ಎಲ್ಲಿ ಆಯಿತು? ಯಾವಾಗ? ಅತ್ತೆಯನ್ನು ಕರೆದುಕೊಂಡು ಕೋಲಾರಕ್ಕೆ ಓಡಿದೆ. ವಕೀಲಮ್ಮ ಕಡತ ತರಿಸಿ ನೋಡಿ ಕನ್ನಡಕ ತೆಗೆದರು.

"ನಿಮ್ಮ ಯಜಮಾನರು ರಿಜಿಸ್ಟರ್ ಬೇಡ ಅಂದಿದ್ರಾ?"

"ಹೌದಮ್ಮಾ. ಸೈನ್ ಹಾಕಲಿಲ್ಲ," ಎಂದಳು ಅತ್ತೆ, ಸ್ವಲ್ಪ ಹೆಮ್ಮೆಯಿಂದಲೇ.

"ಬೇಡ ಅಂದ್ರೆ ಮುಟ್ಟಿದ ಹಾಗೇ ಲೆಕ್ಕ, ತಾಯೀ. ಮುಟ್ಟಿದೆ, ಆದ್ರೂ ಬರಲಿಲ್ಲ ಅಂತ ಇವರಿಲ್ಲದೇನೇ ತೀರ್ಪು ಆಗಿಹೋಗಿದೆ. ಕೋರ್ಟಿನ ಕಾಗದದಲ್ಲಿ ನಿಮ್ಮ ಯಜಮಾನರು ಇನ್ನೂ ಬದುಕಿದ್ದಾರೆ. ಬದುಕಿದ್ದೂ ಬಾಯಿ ಬಿಡದೆ ಇದ್ದಾರೆ."

ಆ ಮಾತು ಕೇಳಿದಾಗ ನನಗೆ ಕಾಣಿಸಿದ್ದು ನೀನು ಕಾಣದೇ ಹೋದ ದೃಶ್ಯ. ಕೋರ್ಟಿನ ಬಾಗಿಲಲ್ಲಿ ಜವಾನ ನಿಂತು ಹೆಸರು ಕೂಗುತ್ತಾನಂತೆ, ಮೂರು ಸಲ. ಅಂದು ನಿನ್ನ ಹೆಸರನ್ನು ಕೂಗಿದ್ದಾನೆ. ಉತ್ತರವಿಲ್ಲ. ಮತ್ತೆ ಕೂಗಿದ್ದಾನೆ. ಉತ್ತರವಿಲ್ಲ. ಮೂರನೆಯ ಸಲವೂ... ಆ ಹೊತ್ತಿನಲ್ಲಿ ನೀನೆಲ್ಲಿದ್ದೆ? ಯಾವ ಊರಿನ ಚಪ್ಪರದ ಕೆಳಗೆ ಯಾರ ಸಂಧಾನ ಮಾಡಿಸುತ್ತಿದ್ದೆ? ಸಾವಿರ ಜನರ ಮುಂದೆ ಪಾಂಡವರಿಗೆ ಐದು ಊರು ಬೇಡಿದ ಬಾಯಿ, ತನ್ನ ತೋಪಿಗಾಗಿ ಒಂದು ಮಾತೂ ಆಡಲಿಲ್ಲ.

ಇನ್ನೊಂದಿದೆ. ಹೇಳಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದೆ. ಚಂಗಪ್ಪ ಕೇಳಿರುವುದು ತೋಪಿನ ಮೂಡಣದ ಭಾಗ. ನಿನ್ನನ್ನು ಮಣ್ಣು ಮಾಡಿರುವುದೂ ಮೂಡಣಕ್ಕೇ. ನೀನೇ ಆರಿಸಿಕೊಂಡ ಆ ಬಾದಾಮಿ ಮಾವಿನ ಮರದ ಬುಡದಲ್ಲಿ. ಕಡತದಲ್ಲಿದ್ದ ಅವನ ನಕ್ಷೆ ನೋಡಿದೆ. ಗೆರೆ ನಿನ್ನಿಂದ ಬಹಳ ಈಚೆಗೆ ಬೀಳುತ್ತದೆ. ಕಲ್ಲು ನೆಟ್ಟರೆ ನೀನು ಆ ಕಡೆ, ನಾವು ಈ ಕಡೆ. ಆಮೇಲೆ ಅತ್ತೆ ಹೂವು ಹಿಡಿದು ಬಂದರೆ ಯಾರ ಅಪ್ಪಣೆ ಕೇಳಬೇಕು?

ನಿನ್ನೆ ಕೋಲಾರದಿಂದ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ತಿರುಗಿ ತುಟಿ ಅಲ್ಲಾಡಿಸುತ್ತಿದ್ದಳು. ನಿನ್ನ ಪದ್ಯ ಗುನುಗುತ್ತಿದ್ದಾಳೆ ಎಂದುಕೊಂಡೆ. ಅಲ್ಲ. ವಕೀಲಮ್ಮ ಹೇಳಿಕೊಟ್ಟ ಮಾತನ್ನು ತಾಲೀಮು ಮಾಡುತ್ತಿದ್ದಳು. "ಅವರು ತೀರ್ಕೊಂಡಿದ್ದಾರೆ ಸಾಮೀ. ನಾನು ಅವರ ಹೆಂಡ್ತಿ, ಬಂದಿದ್ದೀನಿ." ಹತ್ತು ಜನರ ಎದುರು ಎಂದೂ ಬಾಯಿ ತೆರೆಯದವಳು! "ನಾನು ಹೇಳ್ತೀನಿ ಬಿಡತ್ತೆ, ನನ್ನ ಗಂಟಲು ದೊಡ್ಡದು," ಎಂದೆ. "ದೊಡ್ಡ ಗಂಟಲು ಸಾಕು ಕಣಪ್ಪಾ, ನೋಡಿದ್ದಾಯ್ತು," ಎಂದಳು.

ಆ ತೀರ್ಪನ್ನು ರದ್ದು ಮಾಡಿ ಎಂದು ಅರ್ಜಿ ಬರೆದಾಗಿದೆ. ಗೆಲ್ಲುತ್ತೇವೆ ಎಂದು ವಕೀಲಮ್ಮ ಹೇಳಿಲ್ಲ, ತಡವಾಗಿದೆ ಎಂದಷ್ಟೇ ಹೇಳಿದ್ದಾರೆ. ಸೋಮವಾರ ಆ ಬಾಗಿಲಲ್ಲಿ ನಿನ್ನ ಹೆಸರನ್ನು ಮತ್ತೆ ಕೂಗುತ್ತಾರೆ, ಮಾವಾ. ಎಲ್ಲಿದ್ದರೂ ನಿನಗೆ ಕೇಳಿಸೀತು. ನೀನು ಏಳಬೇಡ. ಅತ್ತೆ ಏಳುತ್ತಾಳೆ.

ನಿನ್ನ ಅಳಿಯ