ಏರಿಯ ಬುಡದಲ್ಲಿ ಕಂದು ನೀರು

ಹ್ಯಾಲೋಬ್ರೂಕ್, ಟ್ಯಾಸ್ಮೇನಿಯಾ
ಆಗಸ್ಟ್ ೧೪, ಸಂಜೆ ಆರು ಗಂಟೆ

ಪ್ರೀತಿಯ ಟೆಸ್ಸಾ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹಸಿದೇ ಮಲಗಬೇಡ. ನಾನು ಚೆನ್ನಾಗಿದ್ದೇನೆ, ಆದರೆ ಆತುರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನೋಡಿ ಗಾಬರಿಯಾಗಬೇಡ.

ಬೆಳಿಗ್ಗೆ ಕುರಿಗಳಿಗೆ ಮೇವು ಹಾಕುತ್ತಿದ್ದಾಗ ಪಕ್ಕದ ಹೊಲದ ಮರ್ವ್ ಕೆರೆಯ ಕಡೆಯಿಂದ ಕೂಗಿದ: "ಏನ್ ಡೋರಿ, ಏರಿ ಕೆಳಗೆ ಟೀ ಕಾಸೋಕಿಟ್ಟಿದ್ದೀಯಾ?" ಏರಿಯ ಬುಡದಲ್ಲಿ ಒಂದಿಷ್ಟು ನೀರು ಮೊದಲಿನಿಂದಲೂ ಜಿನುಗುತ್ತಿತ್ತಲ್ಲ. ಏರಿ ಬೆವರುತ್ತದೆ ಎಂದು ನಿನ್ನ ಅಪ್ಪ ನಗುತ್ತಿದ್ದರು. ಆ ನೀರು ತಿಳಿಯಾಗಿರುತ್ತಿತ್ತು. ಇವತ್ತು ಕಂದು ಬಣ್ಣ. ಮರ್ವ್ ಕೈ ಹಾಕಿ ನೋಡಿದ, ನಗು ಹೋಯಿತು. "ಮಣ್ಣು ಕಣೇ. ಏರಿ ಒಳಗಿಂದಾನೇ ಕೊಚ್ಕೊಂಡು ಬರ್ತಿದೆ." ನೀನು ಹುಟ್ಟಿದಾಗ ಅಪ್ಪ ಏರಿಯ ಮೇಲೆ ನೆಟ್ಟ ವಿಲೋ ಮರ ಒಣಗಿತೆಂದು ಕಡಿಸಿದರಲ್ಲ, ಅದರ ಬೇರುಗಳು ಒಳಗೇ ಕೊಳೆತು, ಆ ಪೊಳ್ಳಿನಲ್ಲಿ ನೀರು ದಾರಿ ಮಾಡಿಕೊಂಡಿದೆಯಂತೆ. ಮರ ನೆಟ್ಟರೆ ಏರಿ ಗಟ್ಟಿಯಾಗುತ್ತದೆಂದೇ ನಾವೆಲ್ಲ ನಂಬಿದ್ದೆವು.

ಏರಿಯ ಕೆಳಗಿನ ಹೊಸ ಮನೆಗೆ ಓಡಿದೆ. ಬ್ರೈಡಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಏರಿ ಒಡೆಯಬಹುದು, ಹೊರಡು ಎಂದೆ. ಅವಳು ನಲ್ಲಿ ನಿಲ್ಲಿಸಿ, "ನಿಮ್ ಕೆರೆ ಕಾಣತ್ತೆ ಅಂತಾನೇ ಇಲ್ಲಿ ಮನೆ ಕಟ್ಟಿದ್ವಿ, ಡೋರೀನ್" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒದ್ದೆ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಕಾರು ಹತ್ತಿದಳು. ಈಗ ಅವಳ ತಂಗಿಯ ಮನೆಯಲ್ಲಿದ್ದಾರೆ.

ಮರ್ವ್ ಫೋನ್ ಮಾಡಿದ್ದಕ್ಕೆ ಮಧ್ಯಾಹ್ನ ಬಂದ ಅಣೆಕಟ್ಟು ಸುರಕ್ಷತೆಯ ಅಧಿಕಾರಿ, ಏರಿಯನ್ನು ಕೊನೆಯ ಸಲ ಯಾರಿಗೆ ತೋರಿಸಿದ್ದಿರಿ ಎಂದು ಕೇಳಿದ. ಯಾರಿಗೆ ತೋರಿಸುವುದು, ನಮ್ಮದೇ ಕೆರೆ ಎಂದುಬಿಟ್ಟೆ. ಹೇಳಿದ ಮೇಲೆ ಬ್ರೈಡಿಯ ಬಾಗಿಲಲ್ಲಿ ಬಿದ್ದಿದ್ದ ಪುಟ್ಟ ಬೂಟುಗಳು ಕಣ್ಣಿಗೆ ಕಟ್ಟಿದವು. ಪಂಪುಗಳು ಓಡುತ್ತಿವೆ, ನೀರು ಇಳಿಯುತ್ತಿದೆ, ಆದರೆ ಸಾಲದು. ಏರಿಯನ್ನೇ ಕಡಿದು ಕೆರೆ ಬರಿದು ಮಾಡಬೇಕಂತೆ. ನಾನು ಒಪ್ಪಿದೆ.

ಬೆಚ್ಚಗಿರು ಮಗಳೇ. ನಿನ್ನ ಜೊತೆಯವರನ್ನೆಲ್ಲ ಕೇಳಿದೆನೆಂದು ಹೇಳು.

ನಿನ್ನ
ಅಮ್ಮ

ಮರೆತೆನೆಂದಲ್ಲ, ಮೇಲೆ ಬರೆಯಲಾಗಲಿಲ್ಲ. ನೆಲದಡಿ ಬಂಡೆ ಇರುವುದು ಕೋಡಿಯ ಪಕ್ಕದಲ್ಲಿ ಮಾತ್ರ. ಅಲ್ಲೇ ಕಡಿಯಬೇಕು, ಬೇರೆಲ್ಲಿ ಕಡಿದರೂ ನೀರು ಮಣ್ಣು ಕೊರೆದು ಏರಿ ಒಡೆಯುತ್ತದೆ. ಮಾರ್ಚಿನಲ್ಲಿ ನಾವಿಬ್ಬರೂ ಅಪ್ಪನ ಬೂದಿ ಹೂತದ್ದು ಅಲ್ಲಿಯೇ. ಅಧಿಕಾರಿಗೆ ಹೇಳಲಿಲ್ಲ. ಮರ್ವ್‌ಗೆ ಗೊತ್ತು, "ಯಂತ್ರ ಮುಟ್ಟೋಕೆ ಮುಂಚೆ ಅಲ್ಲಿನ ಮಣ್ಣು ನಾನೇ ಗುದ್ದಲೀಲಿ ತೆಗೀತೀನಿ, ಡೋರಿ" ಎಂದಿದ್ದಾನೆ. ಅಗೆಯುವ ಯಂತ್ರ ನಾಳೆ ಬೆಳಿಗ್ಗೆ ಏಳಕ್ಕೆ ಬರುತ್ತದೆ.