ಮೆಟ್ಟಿಲಿಲ್ಲದ ಮೇಲಂತಸ್ತು: ಕಟ್ಟಡ ಪರವಾನಗಿ ಅಧಿಕಾರಿಗೆ

ಮಾನ್ಯರೇ,

ನನ್ನ ಮನೆಯ ಮೇಲಂತಸ್ತಿನಲ್ಲಿ ನೀವು ಒಬ್ಬ ಮನುಷ್ಯನನ್ನು ಕೂಡಿಹಾಕಿದ್ದೀರಿ. ಬೀಗ ಹಾಕಿಲ್ಲ, ಕಾವಲಿಟ್ಟಿಲ್ಲ. ಮೆಟ್ಟಿಲು ಕಟ್ಟಕೂಡದೆಂದು ಒಂದು ಆದೇಶ ಹೊರಡಿಸಿದಿರಿ, ಅಷ್ಟೇ.

ಬಾಡಿಗೆಗೆ ಕೊಡಲೆಂದು ನಾನೂ ನಮ್ಮ ಯಜಮಾನರೂ ಕೊಂಡ ಮೊದಲ ಮನೆ ಇದು. ಕೆಳಗೆ ಎರಡು ಖಾಲಿ ಕೋಣೆ. ಮೇಲೆ ಹಳೆಯ ಮಾಲೀಕರ ಕಾಲದಿಂದಲೂ ಇರುವ ದರ್ಜಿ ತಾತ, ಅವರ ಹೊಲಿಗೆ ಯಂತ್ರ. ಮರದ ಮೆಟ್ಟಿಲಿಗೆ ಗೆದ್ದಲು ಹಿಡಿದಿತ್ತು. ನಿಮ್ಮಿಂದಲೇ ‘ದುರಸ್ತಿ’ಗೆ ಅನುಮತಿ ಪಡೆದೆವು. ಮೇಸ್ತ್ರಿ ಒಂದು ಮೆಟ್ಟಿಲಿಗೆ ಸುತ್ತಿಗೆ ತಾಗಿಸಿದ್ದೇ ತಡ, ಉಳಿದವೂ ಪುಡಿಪುಡಿಯಾಗಿ ಉದುರಿದವು. “ಸಂಜೆಯೊಳಗೆ ಹಲಗೆ ಬಡಿದು ದಾರಿ ಮಾಡ್ಕೊಡ್ತೀನಿ, ತಾತ ಮೇಲೇ ಇರ್ಲಿ ಬಿಡಿ” ಎಂದ. ಸಂಜೆಗೆ ಮುಂಚೆಯೇ ನಿಮ್ಮ ಪರಿವೀಕ್ಷಕರು ಬಂದರು.

“ಇರೋದನ್ನ ಸರಿಮಾಡಿದ್ರೆ ದುರಸ್ತಿ, ಅಮ್ಮಾ. ಇಲ್ದೇ ಇರೋದನ್ನ ಮಾಡಿದ್ರೆ ಹೊಸ ನಿರ್ಮಾಣ. ಕೆಲಸ ನಿಲ್ಸಿ” ಎಂದರು. ಭಾಷಾ ಪಂಡಿತರೂ ತಲೆದೂಗಬೇಕು! ಹೊಸ ಅರ್ಜಿ ಹಾಕಿದೆ. ಮೇಲಂತಸ್ತನ್ನು ಕಣ್ಣಾರೆ ನೋಡದೆ ಅನುಮತಿ ಕೊಡುವಂತಿಲ್ಲವಂತೆ. ನೋಡಲು ಬಂದವರು ಕೆಳಗೆ ನಿಂತು ಕತ್ತೆತ್ತಿ, ‘ಮೆಟ್ಟಿಲು ಇಲ್ಲದ ಕಾರಣ ಪರಿಶೀಲನೆ ಸಾಧ್ಯವಾಗಿಲ್ಲ’ ಎಂದು ಬರೆದು ಹೋದರು. ಮೇಸ್ತ್ರಿಯ ಏಣಿ ಇದೆಯಲ್ಲ ಎಂದರೆ, ಏಣಿಗೆ ನಿಯಮದಲ್ಲಿ ಜಾಗವಿಲ್ಲವಂತೆ. ಮಾನ್ಯರೇ, ನೀವು ಬರೆದಿರುವುದು ನಿಯಮವೋ, ಒಗಟೋ?

ತಾತನ ಸೊಂಟ ಹಿಂದೊಮ್ಮೆ ಮುರಿದು ಕೂಡಿದ್ದು, ಏಣಿಗೆ ಬಗ್ಗದು. ಹೊತ್ತು ಇಳಿಸಲು ಮೇಸ್ತ್ರಿಗೂ ಧೈರ್ಯವಿಲ್ಲ. ಬುಟ್ಟಿಗೆ ಹಗ್ಗ ಕಟ್ಟಿದ್ದೇವೆ; ಊಟ ಮೇಲೇರುತ್ತದೆ, ಹೊಲಿದ ಬಟ್ಟೆ ಕೆಳಗಿಳಿಯುತ್ತದೆ. ಗಿರಾಕಿಗಳು ಬೀದಿಯಲ್ಲಿ ನಿಂತು ತಮ್ಮ ಅಳತೆ ಕೂಗುವುದರಿಂದ ಯಾರು ಎಷ್ಟು ದಪ್ಪಗಾಗಿದ್ದಾರೆಂಬುದು ಈಗ ಊರಿಗೆಲ್ಲ ಗೊತ್ತು. ಕಳೆದ ವಾರದವರೆಗೆ ನಾವೂ ನಗುತ್ತಿದ್ದೆವು.

ಕಳೆದ ವಾರ, ಪಕ್ಕದ ಬೀದಿಯಲ್ಲಿದ್ದ ತಾತನ ಅಣ್ಣ ತೀರಿಕೊಂಡರು. ಇವರು ಹೋಗುವಂತಿಲ್ಲವಲ್ಲ, ಅಣ್ಣನ ಮಕ್ಕಳೇ ಶವವನ್ನು ಹೊತ್ತು ತಂದು ನಮ್ಮ ಕಿಟಕಿಯ ಕೆಳಗೆ ನಿಂತರು. ತಾತ ಸರಳಿಗೆ ಹಣೆಯೊತ್ತಿ, “ಸ್ವಲ್ಪ ಎತ್ತಿ ಹಿಡೀರಪ್ಪಾ, ಅಣ್ಣನ ಮುಖ ಸರಿಯಾಗಿ ಕಾಣ್ತಿಲ್ಲ” ಎಂದರು. ಹುಡುಗರು ತಮ್ಮ ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದರು. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ನನಗೆ ಪರಿಹಾರ ಬೇಡ, ನಿಮ್ಮ ವಿಷಾದವೂ ಬೇಡ. ಈ ಪತ್ರ ಓದಿದ ದಿನವೇ ಮೆಟ್ಟಿಲಿಗೆ ಅನುಮತಿ ಕೊಡಿ. ಕೊಡಲಾಗದಿದ್ದರೆ ನೀವೇ ಬಂದು ಆ ಕಿಟಕಿಯ ಕೆಳಗೆ ನಿಂತು, ದುರಸ್ತಿಗೂ ನಿರ್ಮಾಣಕ್ಕೂ ಏನು ವ್ಯತ್ಯಾಸವೆಂದು ತಾತನಿಗೆ ಕೂಗಿ ಹೇಳಿ. ಅವರ ಕಿವಿ ಇನ್ನೂ ಚುರುಕಾಗಿದೆ.

ಇಂತಿ,
ಬಾಡಿಗೆ ಕೇಳಲು ಮುಖವಿಲ್ಲದ
ಹೊಸ ಮನೆಯೊಡತಿ