ದುಂಡವ್ವನ ಕುಸುರೆಳ್ಳು ಮತ್ತು ನನ್ನ ಎರಡನೆಯ ಕಳೆಯೂಟ

ಹತ್ತಿ ಓಣಿ, ಮುಂಡರಗಿ
ನೆರಳು ಶಕೆ ನೂರಾ ಹದಿನೇಳು, ಪುಷ್ಯ ಮೂವತ್ತೊಂಬತ್ತು

ನಿನ್ನೆ ಸಿಹಿ ತಿಂದು ಇವತ್ತು ಮುಖ ಸಣ್ಣ ಮಾಡಿಕೊಂಡು ಕೂತಿರುವ ಹಿರಿಯರಿಗೆ,

ಹತ್ತಿ ಓಣಿಯ ಫಕೀರವ್ವ ಮಾಡುವ ನಮಸ್ಕಾರಗಳು. ವಯಸ್ಸಿನಲ್ಲಿ ನೀವು ನನಗಿಂತ ಚಿಕ್ಕವರಿರಬಹುದು. ಆದರೆ ನನಗಿಂತ ಇನ್ನೂರು ವರ್ಷ ಮೊದಲು ಹುಟ್ಟಿದ್ದೀರಿ, ಹಾಗಾಗಿ ಹಿರಿಯರೇ. ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಒಂಬತ್ತೇ ತಿಂಗಳು, ಅವು ಸ್ವಲ್ಪ ಉದ್ದ. ಬೇಸಿಗೆಯನ್ನು ಯಾರೂ ಎಣಿಸುವುದಿಲ್ಲ, ಬರೀ ದಾಟುತ್ತೇವೆ. ನನ್ನ ಮಾತುಗಳಲ್ಲಿ ನೀವು ಕೇಳಿರದಂಥವು ಬಂದರೆ ಕ್ಷಮೆ ಇರಲಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ. ಸ್ವಂತ ಮುತ್ತಜ್ಜನಿಗೆ ಬರೆಯುವಂತಿಲ್ಲ, ಬರೆದರೆ ಆಸ್ತಿಯ ಮಾತು ತೆಗೆಯುತ್ತಾರಂತೆ. ಹೆಚ್ಚಿನವರು ನಿಮ್ಮ ಕಾಲದ ದೊಡ್ಡ ಮನುಷ್ಯರಿಗೆ ಬರೆದು ಮಳೆ ಎಲ್ಲಿಗೆ ಕಳಿಸಿದಿರಿ ಎಂದು ಜಗಳ ತೆಗೆಯುತ್ತಾರೆ. ನಾನು ನನ್ನ ಒಂದು ಕಾಗದವನ್ನು ನಿಮಗೆ ಕೊಟ್ಟಿದ್ದೇನೆ. ನಿಮ್ಮ ಹೆಸರು ಗೊತ್ತಿಲ್ಲ. ಪಥ್ಯ ಹಿಡಿದು, ಅದನ್ನು ಮುರಿದು, ಇನ್ನು ನನ್ನಿಂದಾಗದು ಎಂದುಕೊಂಡವರು ನಿಮ್ಮ ಕಾಲದಲ್ಲೂ ಇದ್ದೇ ಇರುತ್ತಾರೆ ಎಂಬ ನಂಬಿಕೆ ಮಾತ್ರ ಇದೆ.

ಇದು ನನ್ನ ಕೈಬರಹವಲ್ಲ. ಬೆರಳು ಮಡಚುತ್ತಿಲ್ಲ. ಅಡುಗೆಗೋಡೆಗೆ ಹೇಳಿ ಬರೆಸುತ್ತಿದ್ದೇನೆ. ಅಡುಗೆಗೋಡೆ ಎಂದರೆ ಅಡುಗೆ ಮಾಡುವ, ಹೇಳಿದ್ದನ್ನು ಬರೆಯುವ, ಕೇಳದಿದ್ದರೂ ಬುದ್ಧಿ ಹೇಳುವ ಗೋಡೆ. ನಾನು ಬೈದದ್ದನ್ನೆಲ್ಲ ಅದು ತಿದ್ದಿ ನಯ ಮಾಡುತ್ತದೆ. ಆದ್ದರಿಂದ ಓದುವಾಗ ತೀರಾ ನಯವಾಗಿ ಕಂಡಲ್ಲಿ ಸ್ವಲ್ಪ ಖಾರ ಸೇರಿಸಿಕೊಳ್ಳಿ.

ನಮ್ಮ ಬೇಸಿಗೆಯಲ್ಲಿ ತಲೆಯ ಮೇಲೆ ಬಟ್ಟೆಯಿಲ್ಲದೆ ಬೀದಿಯಲ್ಲಿ ನಿಲ್ಲಲಾಗುವುದಿಲ್ಲ. ಪ್ರತಿ ಓಣಿಗೂ ಒಂದು ಬಿಸಿಲುಕೌದಿ ಇರುತ್ತದೆ. ಹಳೆಯ ಸೀರೆ, ಧೋತರ ಸೇರಿಸಿ ನೀವು ಹೊದೆಯಲು ಕೌದಿ ಹೊಲಿಯುತ್ತೀರಲ್ಲ, ಅದನ್ನೇ ನಾವು ಓಣಿಯಷ್ಟು ಉದ್ದ ಹೊಲಿದು ಮಾಳಿಗೆಯಿಂದ ಮಾಳಿಗೆಗೆ ಕಟ್ಟುತ್ತೇವೆ. ಸಂತೆ, ಶಾಲೆ, ಮದುವೆ, ಜಗಳ ಎಲ್ಲ ಅದರ ಕೆಳಗೇ. ಯಂತ್ರ ಹೊಲಿದದ್ದು ಮೊದಲ ಬಿರುಗಾಳಿಗೆ ಉದ್ದಕ್ಕೂ ಹರಿದುಹೋಗುತ್ತದೆ, ಕೈಹೊಲಿಗೆಯದು ಅಂಗೈಯಗಲ ಹರಿದು ನಿಲ್ಲುತ್ತದೆ. ಅಂಚಿನಲ್ಲಿ ಕೂತು ಮೊದಲ ಸಾಲು ಹಾಕುವವಳಿಗೆ ಮೊದಲ ಸೂಜಿ ಎನ್ನುತ್ತಾರೆ. ಅವಳ ಹೊಲಿಗೆಯ ಅಳತೆ ನೋಡಿ ಉಳಿದವರು ಹೊಲಿಯುತ್ತಾರೆ. ಹತ್ತಿ ಓಣಿಯ ಮೊದಲ ಸೂಜಿ ನಾನು. ನನ್ನ ಹೊಲಿಗೆ ಅಕ್ಕಿಕಾಳಿನಷ್ಟು ಸಣ್ಣದು. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ಓಣಿಯ ಎರಡೂ ತುದಿಗೆ ಪಾನಕದ ನಲ್ಲಿಗಳಿವೆ. ಬಿಸಿಲಿಗೆ ಯಾರೂ ತಲೆ ತಿರುಗಿ ಬೀಳಬಾರದೆಂದು ಹಿಂದಿನವರು ಹಾಕಿಸಿದ್ದು. ಬೆಲ್ಲ, ಉಪ್ಪು, ಶುಂಠಿ ಹಾಕಿದ ನೀರು ಹಗಲೆಲ್ಲ ಬರುತ್ತದೆ. ಕುಡಿಯದೆ ಮುಂದೆ ಹೋದರೆ ನಾಲ್ಕು ಬಾಗಿಲಿನಿಂದ ನಾಲ್ಕು ಜನ ಕರೆದು ಬೈಯುತ್ತಾರೆ. ಇಂಥ ಊರಿನಲ್ಲಿ ಸಿಹಿ ಬಿಡುವುದೆಂದರೆ ಊರನ್ನೇ ಎದುರು ಹಾಕಿಕೊಂಡಂತೆ.

ಮೂರು ವರ್ಷದಿಂದ ನನ್ನ ಬೆರಳ ಗೆಣ್ಣುಗಳು ಬಾಯುತ್ತಿವೆ. ಕೆಲವು ದಿನ ಸೂಜಿ ಹಿಡಿದರೆ ಹಿಡಿದದ್ದೇ ಗೊತ್ತಾಗುವುದಿಲ್ಲ. ದವಾಖಾನೆಯ ಬಾಗಿಲಲ್ಲಿ ನಾಡಿಕಂಬವಿದೆ, ಅಂಗೈ ಒತ್ತಿದರೆ ಇರುವ ರೋಗವನ್ನೆಲ್ಲ ಹೇಳುತ್ತದೆ. ನನಗೆ ಪ್ರತಿ ಸಲವೂ ‘ಆರೋಗ್ಯವಾಗಿದ್ದೀರಿ, ಅಭಿನಂದನೆ’ ಎಂದಿತು. ಬಾತ ಕೈಯನ್ನು ಅದರ ಮೇಲೆ ಒತ್ತಿದಾಗ ನೋವಿಗೆ ಕಣ್ಣಲ್ಲಿ ನೀರು ಬಂತು, ಅದಕ್ಕೂ ಅಭಿನಂದನೆ. ಕಂಬ ಇಲ್ಲವೆಂದ ಮೇಲೆ ರೋಗವಿಲ್ಲ, ಎಲ್ಲ ಮನಸ್ಸಿನ ಆಟ ಎಂದು ಮನೆಯವರೂ ತೀರ್ಮಾನಿಸಿದರು. ನಂಬಿದವರು ದವಾಖಾನೆಯ ನದಾಫ್ ಡಾಕ್ಟರ್ ಒಬ್ಬರೇ. ಅವರು ನನ್ನ ಕೈ ಹಿಡಿದು ನೋಡಿ, “ಕಂಬ ಸುಳ್ಳು ಹೇಳೂದಿಲ್ರಿ, ಆದ್ರ ಅದಕ್ಕ ತಿಳೀಲಾರದ್ದೂ ಇರ್ತಾವ. ನಿಮ್ಮ ಊಟದಾಗ ಯಾವುದೋ ಒಂದು ನಿಮಗ ಆಗವಲ್ದು. ಅದನ್ನ ಹಿಡಿಯೂಣ” ಎಂದರು.

ಹಿಡಿಯುವ ಉಪಾಯಕ್ಕೆ ಕಳೆಯೂಟ ಎನ್ನುತ್ತೇವೆ. ಇದು ನಿಮ್ಮ ಕಾಲದ್ದೇ ಅಂತೆ, ನೀವು ಏನೆನ್ನುತ್ತೀರೋ ಗೊತ್ತಿಲ್ಲ. ಅನುಮಾನವಿರುವ ಪದಾರ್ಥಗಳನ್ನೆಲ್ಲ ಒಟ್ಟಿಗೆ ಬಿಡಬೇಕು. ಮೈ ಶಾಂತವಾದ ಮೇಲೆ ಒಂದೊಂದನ್ನೇ ಮರಳಿ ಕರೆದು, ನಡುವೆ ದಿನ ಬಿಟ್ಟು, ಯಾವುದಕ್ಕೆ ಬೆರಳು ಬಾಯುತ್ತದೆಂದು ನೋಡಬೇಕು. ಮರಳಿ ಕರೆಯುವುದಕ್ಕೆ ಕೂಡೂಟ ಎನ್ನುತ್ತೇವೆ. ನಾನು ಸಕ್ಕರೆ, ಬೆಲ್ಲ, ಗೋಧಿ, ಹಾಲು, ಕಡಲೆ, ಶೇಂಗಾ, ಎಳ್ಳು, ಬದನೆಕಾಯಿ ಬಿಟ್ಟೆ. ಉಳಿದದ್ದು ಜೋಳದ ರೊಟ್ಟಿ, ಹೆಸರುಕಾಳು, ಹೀರೇಕಾಯಿ, ಉಪ್ಪು. ಅಡುಗೆಗೋಡೆಯನ್ನು ನಂಬಲಿಲ್ಲ, ರುಚಿಗೆಂದು ಅದು ಸಾರಿಗೂ ಚಿಟಿಕೆ ಬೆಲ್ಲ ಹಾಕುತ್ತದೆ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿದೆ. ಜೇಬಿನಲ್ಲಿ ಉಪ್ಪುನೀರಿನ ಬಾಟಲಿ ಇಟ್ಟುಕೊಂಡು ಪಾನಕದ ನಲ್ಲಿ ದಾಟಿದೆ. ಬೈದರು, ಬೈಸಿಕೊಂಡೆ. ಕೆಲವು ವಾರಗಳಲ್ಲಿ ಬೆರಳು ಇಳಿಯಿತು. ಒಂದು ಮುಂಜಾನೆ ಸೂಜಿಗೆ ದಾರ ಪೋಣಿಸಿದೆ, ಒಂದೇ ಸಲಕ್ಕೆ ಹೋಯಿತು. ಹಿತ್ತಲಲ್ಲಿ ಒಬ್ಬಳೇ ಕೂತು ಅತ್ತೆ.

ಕೂಡೂಟ ಶುರುವಾಯಿತು. ಬದನೆಕಾಯಿ ಪಾಸಾಯಿತು, ಶೇಂಗಾ ಪಾಸಾಯಿತು. ಅಷ್ಟರಲ್ಲಿ ಸಂಕ್ರಮಣ ಬಂತು, ಜೊತೆಗೆ ದುಂಡವ್ವ ಬಂದಳು.

ದುಂಡವ್ವ ನನ್ನ ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ. ಅವಳ ಹೊಲಿಗೆ ಉದ್ದ. ಬಹಳ ವರ್ಷದ ಹಿಂದೆ, ಓಣಿಯೆಲ್ಲ ನೋಡುತ್ತಿರುವಾಗ, ಅವಳು ಹಾಕಿದ ಪೂರಾ ಸಾಲನ್ನು ನಾನು ಬಿಚ್ಚಿಹಾಕಿದ್ದೆ. ಅಂದಿನಿಂದ ಮಾತಿಲ್ಲ. ಅಣ್ಣತಮ್ಮಂದಿರೂ ಒಂದೇ ಗೋಡೆಯ ಆಚೆ ಈಚೆ ಇದ್ದು ಊಟ ಬೇರೆಯಾದರು. ನಮ್ಮ ಓಣಿಯಲ್ಲಿ ಜಗಳ ತೀರುವುದಕ್ಕೆ ಒಂದೇ ದಾರಿ, ಅದಕ್ಕೆ ಎಳ್ಳುರಾಜಿ ಎನ್ನುತ್ತೇವೆ. ಸಂಕ್ರಮಣದ ದಿನ ಪಾನಕದ ನಲ್ಲಿಯ ಮುಂದೆ ಒಬ್ಬರು ತಮ್ಮ ಕೈಯಾರೆ ಮಾಡಿದ ಕುಸುರೆಳ್ಳನ್ನು ಇನ್ನೊಬ್ಬರ ಅಂಗೈಗೆ ಹಾಕಬೇಕು, ಅವರು ಅಲ್ಲೇ ತಿನ್ನಬೇಕು. ಇಸಿದುಕೊಂಡು ತಿನ್ನದಿದ್ದರೆ ಜಗಳ ಮಕ್ಕಳಿಗೆ ಹೋಗುತ್ತದೆ. ಕುಸುರೆಳ್ಳು ಗೊತ್ತಲ್ಲ? ಎಳ್ಳನ್ನು ಸಣ್ಣ ಕೆಂಡದ ಮೇಲಿನ ತಾಟಿನಲ್ಲಿ ಹಾಕಿ, ಸಕ್ಕರೆ ಪಾಕವನ್ನು ಹನಿ ಹನಿ ಬಿಡುತ್ತ ಬೆರಳಿನಿಂದ ಆಡಿಸುತ್ತಲೇ ಇರಬೇಕು. ಚಳಿಯ ಮುಂಜಾನೆಗಳಲ್ಲಿ ದಿನಗಟ್ಟಲೆ ಕೂತರೆ ಕಾಳಿಗೆ ಬಿಳಿ ಮುಳ್ಳು ಏಳುತ್ತದೆ. ದುಂಡವ್ವ ಹಾಗೆ ಕೂತಿದ್ದಳು. ಅವಳ ಬೆರಳ ತುದಿ ಸುಟ್ಟು ಕೆಂಪಾಗಿತ್ತು. “ಯಕ್ಕಾ, ತಗೋ. ಸಾಕಾಗೇತಿ ನನಗ” ಎಂದಳು.

ತಿಂದೆ. ಇನ್ನೇನು ಮಾಡಲಿ? ಆ ಗಳಿಗೆ ಮತ್ತೆ ಬಂದರೂ ತಿನ್ನುತ್ತೇನೆ. ಆದರೆ ತಪ್ಪು ಅದಾದ ಮೇಲಿನದು. ಒಂದು ಚಿಟಿಕೆ ಒಳಗೆ ಹೋದದ್ದೇ, ಹೇಗೂ ಕೆಟ್ಟಿತಲ್ಲ ಎಂದು ಅಂಗೈ ಪೂರಾ ಖಾಲಿ ಮಾಡಿದೆ. ಹೇಗೂ ಕೆಟ್ಟಿತಲ್ಲ ಎಂದು ಪಾನಕ ಕುಡಿದೆ. ಎರಡೂ ಮನೆ ಸೇರಿ ಹೋಳಿಗೆ ಮಾಡಿದರು, ಹೇಗೂ ಕೆಟ್ಟಿತಲ್ಲ ಎಂದು ಹಾಲು ಸುರಿದುಕೊಂಡು ಮೂರು ಹೋಳಿಗೆ ತಿಂದೆ. ಮಾರನೆಯ ದಿನವೇ ಬೆರಳು ಬದನೆಕಾಯಿಯಂತೆ ಬಾತವು. ಸಕ್ಕರೆ, ಬೆಲ್ಲ, ಎಳ್ಳು, ಗೋಧಿ, ಕಡಲೆ, ಹಾಲು ಎಲ್ಲ ಒಂದೇ ದಿನ ಒಳಗೆ ಹೋದ ಮೇಲೆ ಯಾವುದರ ಕೆಲಸವೆಂದು ಹೇಳುವವರು ಯಾರು? ತಿಂಗಳುಗಳ ಹೀರೇಕಾಯಿ ಒಂದು ಮಧ್ಯಾಹ್ನದಲ್ಲಿ ನೀರಿಗೆ ಹೋಯಿತು.

ಈ ವರ್ಷದ ಕೌದಿಯ ಕೆಲಸ ಬರುವ ಹುಣ್ಣಿಮೆ ಕಳೆದ ಮೇಲೆ ಶುರುವಾಗುತ್ತದೆ. ಅದರ ಉಸ್ತುವಾರಿ ನೋಡುವ ನೆರಳು ಕಮಿಟಿಯವರು ಮನೆಗೆ ಬಂದು ನನ್ನ ಕೈ ನೋಡಿದರು. “ವಯಸ್ಸಾತು ಫಕೀರವ್ವ, ಇನ್ನ ಬಿಟ್ಟ್‌ಬಿಡ್ರಿ. ಉಂಡು ತಿಂದು ಆರಾಮ ಇರ್ರಿ” ಎಂದರು. ಮೊದಲ ಸೂಜಿಯ ಜಾಗವನ್ನು ಈ ವರ್ಷ ದುಂಡವ್ವನಿಗೆ ಕೊಡುತ್ತಾರಂತೆ. ಒಮ್ಮೆ ಕೊಟ್ಟ ಜಾಗ ನಮ್ಮ ಓಣಿಯಲ್ಲಿ ಮರಳಿ ಬಂದದ್ದಿಲ್ಲ. ನಮ್ಮ ಯಜಮಾನರು ಸಮಾಧಾನ ಮಾಡುವವರಂತೆ, “ಒಂದ್ ಸಲಾ ಆಗಲಿಲ್ಲ, ಮತ್ತೊಂದ್ ಸಲಾ ಹೆಂಗ ಆಕ್ಕೈತಿ?” ಎಂದರು. ಗೋಡೆಯೂ ಹಲ್ವಾ ಮಾಡಲೇ ಎಂದು ಕೇಳಿತು.

ನದಾಫ್ ಡಾಕ್ಟರ್ ಹತ್ತಿರ ತಲೆ ತಗ್ಗಿಸಿಕೊಂಡು ಹೋದೆ. ಅವರು ಬೈಯಲಿಲ್ಲ. “ಫಕೀರವ್ವಾರ, ಇದು ನೇಮಲ್ಲ, ಮುರದ್ರ ಪಾಪ ಬರಾಕ. ಕಳ್ಳನ್ನ ಹುಡುಕಾಕತ್ತಿದ್ವಿ, ಒಮ್ಮಿಗೇ ಗದ್ದಲಾತು, ಕಳ್ಳ ಗದ್ದಲದಾಗ ಸೇರಿಕೊಂಡ. ಮತ್ತ ಎಲ್ಲಾರನೂ ಹೊರಗ ಹಾಕ್ರಿ, ಒಬ್ಬೊಬ್ಬರನ್ನ ಕರೀರಿ. ಅಷ್ಟ” ಎಂದರು.

ಅಷ್ಟೇ. ಹಾಗಾಗಿ ಹಿರಿಯರೇ, ಇವತ್ತು ಹಿತ್ತಲ ಒಲೆಯನ್ನು ಮತ್ತೆ ಹಚ್ಚಿದ್ದೇನೆ. ಪಶ್ಚಾತ್ತಾಪಕ್ಕಲ್ಲ, ಹಟಕ್ಕೆ. ಕಂಬ ನನಗೆ ಏನೂ ಆಗಿಲ್ಲ ಎನ್ನಲಿ, ಕಮಿಟಿ ಮುದುಕಿ ಎನ್ನಲಿ, ಗಂಡ ನಗಲಿ. ಈ ಕೈ ನನ್ನದು. ಇದಕ್ಕೆ ಏನಾಗಿದೆ ಎಂದು ತಿಳಿಯದೆ ನಾನು ಯಾರ ಸಮಾಧಾನಕ್ಕೂ ಹಲ್ವಾ ತಿನ್ನುವವಳಲ್ಲ. ಗೋಡೆ ಈ ಮಾತನ್ನು ತಿದ್ದಿದರೆ ಅದಕ್ಕೆ ಸುಣ್ಣ ಬಳಿಸುತ್ತೇನೆ. ಕಾಗದವನ್ನು ಈಗಲೇ ಕಳಿಸುವುದಿಲ್ಲ. ಸೋತವಳ ಕಾಗದ ನಿಮಗೆ ಬೇಡ.

ಫಾಲ್ಗುಣ ನಲವತ್ತೆರಡು

ಇಲ್ಲಿಂದ ಮುಂದಿನದು ನನ್ನದೇ ಕೈಬರಹ. ಅಕ್ಷರ ಸೊಟ್ಟಗಿವೆ. ಇರಲಿ.

ಮತ್ತೆ ಎಲ್ಲ ಬಿಟ್ಟೆ, ಮತ್ತೆ ಬೆರಳು ಇಳಿಯಿತು. ಆದರೆ ಅಷ್ಟರಲ್ಲಿ ಕೌದಿಯ ಕೆಲಸ ಶುರುವಾಗಿತ್ತು. ನಾನು ಮಾಳಿಗೆಯಿಂದ ನೋಡುತ್ತಿದ್ದೆ. ಕಮಿಟಿಯವರು ಸೂಜಿ ಕೊಡಲು ಹೋದಾಗ ದುಂಡವ್ವ ಎದ್ದು ನಿಂತಳು. “ಈ ಜಾಗಾ ನನಗ ಕೊಡಬ್ಯಾಡ್ರಿ. ಯಕ್ಕನ ಕೈ ಆರಾಮ ಆಗೂತನಾ ಸೂಜಿ ಹಿಡಕೊಂಡಿರ್ತೀನಿ. ಕೊಟ್ಟೀವಿ ಅಂತ ಎಲ್ಯರೆ ಬರಕೊಂಡ್ರ ಇಲ್ಲೇ ಬಿಟ್ಟ್ ಹೊಕ್ಕೀನಿ” ಎಂದಳು. ಕಮಿಟಿಗೆ ಬೇರೆ ದಾರಿಯಿರಲಿಲ್ಲ. ಅವಳು ಕೂತು ಮೊದಲ ಸಾಲು ಹಾಕಿದಳು. ಅದೇ ಉದ್ದುದ್ದ ಹೊಲಿಗೆ. ಓಣಿಯವರೆಲ್ಲ ಅದನ್ನೇ ನೋಡಿ ಹೊಲಿದರು. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಈ ಕಳೆಯೂಟದಲ್ಲಿ ನಾನು ಬಿಟ್ಟದ್ದರಲ್ಲೆಲ್ಲ ಕಷ್ಟವಾದದ್ದು ಇದೇ.

ಆಮೇಲೆ ಒಂದು ದಿನ ಅವಳು ಹಿತ್ತಲಿಗೆ ಬಂದು ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ನನ್ನ ಕುಸುರೆಳ್ಳೇ ನಿನ್ನ ಕೈ ಕೆಡಿಸಿತೇ ಎಂದು ಕೇಳಲು ಅವಳಿಗೆ ಅಷ್ಟು ದಿನ ಬೇಕಾಗಿತ್ತು. ಸುಳ್ಳು ಹೇಳಲು ಮನಸ್ಸಾಯಿತು, ಹೇಳಲಿಲ್ಲ. ಅದರಲ್ಲಿ ಎಳ್ಳೂ ಇತ್ತು, ಸಕ್ಕರೆಯೂ ಇತ್ತು, ಯಾವುದೆಂದು ನನಗೂ ಗೊತ್ತಿಲ್ಲ ಎಂದೆ. ಅವಳು ಎದ್ದುಹೋದಳು. ಸಿಟ್ಟಾದಳೇನೋ, ಮತ್ತೆ ಹತ್ತು ವರ್ಷ ಮಾತಿಲ್ಲವೇನೋ ಎಂದುಕೊಂಡೆ. ವಾರದ ಮೇಲೆ ಎರಡು ಡಬ್ಬಿ ತಂದಿಟ್ಟಳು. ಒಂದರಲ್ಲಿ ಬರೀ ಹುರಿದ ಎಳ್ಳು. ಇನ್ನೊಂದರಲ್ಲಿ ಎಳ್ಳಿಲ್ಲದ ಕುಸುರು, ಬರೀ ಸಕ್ಕರೆಯ ಮುಳ್ಳು. ಒಳಗೆ ಕಾಳಿಲ್ಲದೆ ಪಾಕ ನಿಲ್ಲುವುದೇ ಇಲ್ಲ. ಹೇಗೆ ನಿಲ್ಲಿಸಿದಳೋ, ಬೆರಳ ತುದಿ ಮತ್ತೆ ಸುಟ್ಟಿತ್ತು. “ಬ್ಯಾರೆ ಬ್ಯಾರೆ ತಿಂದು ನೋಡು. ಯಾವುದಂತ ನನಗೂ ತಿಳೀಲಿ” ಎಂದಳು.

ಗೋಧಿ ಪಾಸಾಯಿತು. ಕಡಲೆ, ಹಾಲು ಪಾಸಾದವು. ಮೊನ್ನೆ ಮೊದಲ ಡಬ್ಬಿಯ ಎಳ್ಳು ತಿಂದೆ, ಬೆರಳು ಹಗುರವಾಗಿಯೇ ಇವೆ. ಉಳಿದದ್ದು ಎರಡನೆಯ ಡಬ್ಬಿ. ಅದು ಪಾಸಾದರೆ ಬೆಲ್ಲವನ್ನು ಕರೆಯುತ್ತೇನೆ. ಈಗ ಬೆಳಗಿನ ಬಿಸಿಲು ಡಬ್ಬಿಯ ಮೇಲೆ ಬಿದ್ದಿದೆ, ದುಂಡವ್ವ ಹೊಸಿಲಲ್ಲಿ ಕೂತಿದ್ದಾಳೆ. ನನಗೆ ಹೆದರಿಕೆ ಇದೆ. ಸಕ್ಕರೆಯೇ ಎಂದಾದರೆ ಇನ್ನು ಬದುಕಿರುವವರೆಗೆ ಅದನ್ನು ಮುಟ್ಟುವುದಿಲ್ಲ, ಪಾನಕದ ನಲ್ಲಿಯ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಹೇಳುತ್ತೇನೆ, ರಾಜಿಗೆ ಬೇರೆ ಏನಾದರೂ ಹುಡುಕಿಕೊಳ್ಳಿ ಎಂದು. ಸಕ್ಕರೆಯೂ ಅಲ್ಲ, ಬೆಲ್ಲವೂ ಅಲ್ಲ ಎಂದಾದರೆ ಮೂರನೆಯ ಸಲ ಒಲೆ ಹಚ್ಚುತ್ತೇನೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ನಿನ್ನೆ ಏನು ತಿಂದಿರಿ, ಎಷ್ಟು ತಿಂದಿರಿ, ನನಗೆ ಬೇಡ. ಯಾರ ಪ್ರೀತಿಗೆ ತಿಂದಿರೋ ಅದೂ ಬೇಡ. ಹೇಗೂ ಕೆಟ್ಟಿತಲ್ಲ ಎಂದು ಇವತ್ತೂ ತಿನ್ನಬೇಡಿ. ಎದ್ದು ಆ ತಟ್ಟೆ ತೊಳೆಯಿರಿ, ಹೀರೇಕಾಯಿ ಹೆರೆಯಿರಿ.

ಈ ಕಾಗದ ಮುಗಿಸಿ ಡಬ್ಬಿ ತೆಗೆಯುತ್ತೇನೆ. ಅದಕ್ಕೂ ಮೊದಲು ಒಂದು ಕೆಲಸವಿದೆ. ಕೌದಿಯ ಕೊನೆಯ ತುಂಡು ನಮ್ಮ ಮಾಳಿಗೆಯ ಮೇಲಿದೆ, ಬೆರಳು ಹಗುರವಿರುವಾಗಲೇ ಅದಕ್ಕೊಂದು ಸಾಲು ಹಾಕಬೇಕು. ಸೂಜಿ ದುಂಡವ್ವನ ಕೈಯಲ್ಲಿದೆ. ದಾರ ಪೋಣಿಸಿ ಹಿಡಿದುಕೊಂಡಿದ್ದಾಳೆ.

ಫಕೀರವ್ವ
ಮೊದಲ ಸೂಜಿ, ಹತ್ತಿ ಓಣಿ